ನಷ್ಟ ಯಾರ ಪಾಲಿಗೆ? ಬ್ಯಾಂಕ್ ಬಿಕ್ಕಟ್ಟು, ಸರ್ಕಾರ ಮತ್ತು ಮುಕ್ತ ಮಾರುಕಟ್ಟೆಯ ವಾದ



ದತ್ತಿ ಉಪನ್ಯಾಸಕ್ಕೆ ಕರೆ ಬಂದಾಗಲೆಲ್ಲ ವಿಷಯ ಯಾವುದೆಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬರುತ್ತದೆ: ದತ್ತಿಯ ಮೂಲಧನ ಎಲ್ಲಿ ಇಟ್ಟೀರಿ? ಯಾರೋ ತಂದೆ-ತಾಯಿಯ ನೆನಪಿಗೆಂದು ಒಂದಿಷ್ಟು ರೊಕ್ಕ ಕೊಡುತ್ತಾರೆ. ಸಂಸ್ಥೆ ಅದನ್ನು ಮುದ್ದತಿ ಠೇವಣಿಯಾಗಿ ಬ್ಯಾಂಕಿನಲ್ಲಿ ಇಡುತ್ತದೆ. ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ, ಆಮಂತ್ರಣ ಪತ್ರಿಕೆ, ಶಾಲು, ಚಹಾ. ಹುಬ್ಬಳ್ಳಿ-ಧಾರವಾಡದ ಸಾಹಿತ್ಯ, ಸಂಗೀತ, ವಿಚಾರಗಳ ಒಂದು ದೊಡ್ಡ ಪಾಲು ಹೀಗೆ ಬ್ಯಾಂಕ್ ಬಡ್ಡಿಯ ಮೇಲೆಯೇ ನಡೆದುಕೊಂಡು ಬಂದಿದೆ. ಆದರೆ ಒಂದು ಸಂಸ್ಥೆ ತನ್ನ ಹೆಸರಿನಲ್ಲಿ ಒಂದೇ ಬ್ಯಾಂಕಿನಲ್ಲಿ ನೂರು ದತ್ತಿಗಳ ಹಣ ಇಟ್ಟಿದ್ದರೂ, ಆ ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆಯಿಂದ ಸಿಗುವುದು ಅಸಲು-ಬಡ್ಡಿ ಸೇರಿ ಒಟ್ಟು ₹5 ಲಕ್ಷ ಮಾತ್ರ. ನೂರು ಜನರ ನೆನಪಿಗೆ ಒಬ್ಬ ಠೇವಣಿದಾರನ ಲೆಕ್ಕ. ಇದನ್ನು ಹೇಳಿದರೆ ಕಾರ್ಯದರ್ಶಿಗಳ ಮುಖ ಸ್ವಲ್ಪ ಬಾಡುತ್ತದೆ. ಇಂದು ಅವರ ಮುಖ ಬಾಡಿಸುವುದು ನನ್ನ ಉದ್ದೇಶವಲ್ಲ. ಬ್ಯಾಂಕ್ ಮುಳುಗಿದಾಗ ಸರ್ಕಾರ ಏನು ಮಾಡಬೇಕು, ಏನನ್ನೂ ಮಾಡಬಾರದೇ ಎಂಬ ಹಳೆಯ ಜಗಳವನ್ನು ನಮ್ಮ ಅಂಗಳದಲ್ಲಿಟ್ಟು ನೋಡೋಣ ಎಂದು ಬಂದಿದ್ದೇನೆ.

ಮುಕ್ತ ಮಾರುಕಟ್ಟೆಯ ಪಕ್ಷದವರ, ಅವರಲ್ಲೇ ತೀವ್ರವಾದಿಗಳಾದ ಲಿಬರ್ಟೇರಿಯನ್ನರ ಮಾತು ಸರಳವಾಗಿದೆ. ಲಾಭ ಯಾರದೋ ನಷ್ಟವೂ ಅವರದೇ ಆಗಬೇಕು. ಬ್ಯಾಂಕಿನ ಮಾಲೀಕ ಧೈರ್ಯ ಮಾಡಿ ಸಾಲ ಕೊಟ್ಟು ಗಳಿಸಿದರೆ ಡಿವಿಡೆಂಡ್ ಅವನಿಗೆ, ಕಳೆದರೆ ಹೊರೆ ಊರಿಗೆ ಎಂಬ ಏರ್ಪಾಡು ಇದ್ದರೆ ಅವನು ಇನ್ನಷ್ಟು ಧೈರ್ಯ ಮಾಡುತ್ತಾನೆ. ಕೊನೆಗೆ ಸರ್ಕಾರ ಕೈಹಿಡಿಯುತ್ತದೆ ಎಂದು ಗೊತ್ತಿದ್ದರೆ ಠೇವಣಿದಾರನೂ ಬ್ಯಾಂಕಿನ ಲೆಕ್ಕ ನೋಡುವುದನ್ನು ಬಿಡುತ್ತಾನೆ, ಅರ್ಧ ಪರ್ಸೆಂಟ್ ಬಡ್ಡಿ ಎಲ್ಲಿ ಹೆಚ್ಚೋ ಅಲ್ಲಿಗೆ ಹೋಗುತ್ತಾನೆ. ಹೀಗೆ ಒಂದು ಬಿಕ್ಕಟ್ಟಿನ ಪರಿಹಾರ ಮುಂದಿನ ಬಿಕ್ಕಟ್ಟಿನ ಬೀಜವಾಗುತ್ತದೆ ಎಂಬುದು ಅವರ ದೂರು.

ಆದರೆ ಈ ಮನೆಯೊಳಗೂ ಜಗಳವಿದೆ. ಅರ್ಥಶಾಸ್ತ್ರಜ್ಞರಾದ ಮೀಸೆಸ್ ಮತ್ತು ಹಾಯೆಕ್, ಬಡ್ಡಿದರವನ್ನು ಕೃತಕವಾಗಿ ಇಳಿಸಿ ಸಾಲ ಉಬ್ಬಿಸುವುದೇ ರೋಗ, ಕುಸಿತವು ಆ ರೋಗ ಬಿಡುವ ಹೊತ್ತು ಎಂದರು. ಮಿಲ್ಟನ್ ಫ್ರೀಡ್‌ಮನ್ ಮತ್ತು ಅನ್ನಾ ಶ್ವಾರ್ಟ್ಜ್ 1963ರ ತಮ್ಮ ಗ್ರಂಥದಲ್ಲಿ ತದ್ವಿರುದ್ಧ ಹೇಳಿದರು: 1929ರಿಂದ 1933ರವರೆಗೆ ಅಮೆರಿಕದಲ್ಲಿ ಹಣದ ಪ್ರಮಾಣ ಮೂರನೇ ಒಂದು ಪಾಲು ಇಳಿಯಲು ಕೇಂದ್ರ ಬ್ಯಾಂಕು ಬಿಟ್ಟದ್ದೇ ಮಹಾಪರಾಧ. ರಾತ್‌ಬಾರ್ಡ್‌ಗೆ, ಬೇಡಿದಾಗ ಕೊಡುತ್ತೇನೆಂದು ಪಡೆದ ಠೇವಣಿಯ ಒಂದು ಪಾಲನ್ನಷ್ಟೇ ಕೈಯಲ್ಲಿಟ್ಟು ಉಳಿದದ್ದನ್ನು ಸಾಲ ಕೊಡುವುದೇ ಮೋಸ. ಲಾರೆನ್ಸ್ ವೈಟ್ ಮತ್ತು ಜಾರ್ಜ್ ಸೆಲ್ಜಿನ್‌ಗೆ ಅದರಲ್ಲಿ ತಪ್ಪಿಲ್ಲ, ಬ್ಯಾಂಕುಗಳು ತಮ್ಮದೇ ನೋಟು ಹೊರಡಿಸಲಿ ಎಂಬಷ್ಟು ದೂರ ಹೋಗುತ್ತಾರೆ. ಆದ್ದರಿಂದ ಯಾರಾದರೂ ‘ಮುಕ್ತ ಮಾರುಕಟ್ಟೆ ಹೀಗೆ ಹೇಳುತ್ತದೆ’ ಎಂದರೆ ಯಾವ ಕೋಣೆಯಿಂದ ಹೇಳುತ್ತಿದ್ದಾರೆ ಎಂದು ಕೇಳುವುದು ಒಳ್ಳೆಯದು.

ಈಗ ನಮ್ಮ ಹತ್ತಿಗೆ ಬರೋಣ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಲ್ಯಾಂಕಾಶೈರ್‌ನ ಗಿರಣಿಗಳಿಗೆ ಹತ್ತಿ ನಿಂತಿತು. ಆ ಹೊತ್ತಿಗೆ ಧಾರವಾಡ ಜಿಲ್ಲೆಯ ಎರಿ ಹೊಲಗಳಲ್ಲಿ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಬೇರೂರಿತ್ತು. ‘ಧಾರವಾಡ-ಅಮೆರಿಕನ್’ ಎಂದೇ ಪೇಟೆಯಲ್ಲಿ ಅದರ ಹೆಸರು. ಅಂಡಿಗೆಗಳು ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ, ಅಲ್ಲಿಂದ ಮುಂಬಯಿಗೆ. ದರ ಮುಗಿಲಿಗೆ ಏರಿತು. ಮುಂಬಯಿಯಲ್ಲಿ ಆ ರೊಕ್ಕ ಎಲ್ಲಿ ಸುರಿಯಬೇಕೆಂದು ತೋಚದೆ ಸಮುದ್ರ ತುಂಬಿಸುವ ಕಂಪನಿ, ಹಣಕಾಸು ಕಂಪನಿ, ಷೇರಿನ ಮೇಲೆ ಷೇರು. 1865ರ ಏಪ್ರಿಲ್‌ನಲ್ಲಿ ಯುದ್ಧ ಮುಗಿದ ಸುದ್ದಿ ಬಂತು. ಜುಲೈ 1ರಂದು ವಾಯಿದೆ ವ್ಯವಹಾರಗಳ ಚುಕ್ತಾ ದಿನ. ಅಂದು ಮುಂಬಯಿ ಪೇಟೆ ನೆಲ ಕಚ್ಚಿತು. ಷೇರುಗಳನ್ನೇ ಒತ್ತೆ ಇಟ್ಟುಕೊಂಡು ಸಾಲ ಕೊಟ್ಟಿದ್ದ, ಪ್ರೇಮಚಂದ್ ರಾಯಚಂದ್ ಎಂಬ ಹತ್ತಿ-ಷೇರು ದೊರೆಯ ಮಾತಿಗೆ ತೂಗಾಡಿದ್ದ ಬ್ಯಾಂಕ್ ಆಫ್ ಬಾಂಬೆ ಚೇತರಿಸಿಕೊಳ್ಳಲೇ ಇಲ್ಲ. ಬಂಡವಾಳದ ಬಹುಪಾಲು ಮುಳುಗಿ, 1868ರಲ್ಲಿ ಅದನ್ನು ಮುಚ್ಚಿ ಅದೇ ಹೆಸರಿನ ಹೊಸ ಬ್ಯಾಂಕನ್ನು ತೆರೆಯಬೇಕಾಯಿತು.

ಈ ಕಥೆಯನ್ನು ಎರಡೂ ಪಕ್ಷದವರು ತಮ್ಮದೆಂದು ಹೇಳಿಕೊಳ್ಳಬಹುದು, ಅದಕ್ಕೇ ನನಗಿದು ಇಷ್ಟ. ಅದು ಸಾಮಾನ್ಯ ಖಾಸಗಿ ಬ್ಯಾಂಕಾಗಿರಲಿಲ್ಲ. ಸರ್ಕಾರದ ಸನದು ಪಡೆದದ್ದು, ಸರ್ಕಾರವೇ ಷೇರುದಾರ, ಆಡಳಿತ ಮಂಡಳಿಯಲ್ಲಿ ಸರ್ಕಾರ ನೇಮಿಸಿದ ನಿರ್ದೇಶಕರು, ಖಜಾನೆಯ ಹಣವೂ ಅಲ್ಲೇ. ಜನ ನಂಬಿದ್ದು ಬ್ಯಾಂಕಿನ ಲೆಕ್ಕವನ್ನಲ್ಲ, ಬಾಗಿಲ ಮೇಲಿದ್ದ ಸರ್ಕಾರದ ಮುದ್ರೆಯನ್ನು ಎಂದು ಲಿಬರ್ಟೇರಿಯನ್ ಹೇಳಬಹುದು, ಅದು ನಿಜ. ಆದರೆ 1863ಕ್ಕೆ ಮೊದಲು ಆ ಬ್ಯಾಂಕಿಗೆ ಕಟ್ಟುನಿಟ್ಟಿನ ನಿರ್ಬಂಧಗಳಿದ್ದವು. ಆ ವರ್ಷದ ಹೊಸ ಕಾಯ್ದೆ ಅವನ್ನು ಸಡಿಲಿಸಿದ್ದರಿಂದಲೇ ಷೇರುಗಳ ಮೇಲೆ ಸಾಲ ಕೊಡುವ ಬಾಗಿಲು ತೆರೆಯಿತು. ನಿಯಂತ್ರಣ ಸಡಿಲಿಸಿದ ಎರಡೇ ವರ್ಷಕ್ಕೆ ಸರ್ವನಾಶ ಎಂದು ಎದುರಾಳಿ ಹೇಳಬಹುದು; ಅದೂ ನಿಜ. ನನಗೆ ಕಾಣುವುದು ಇಷ್ಟು: ಮುದ್ರೆ ಉಳಿಸಿಕೊಂಡು ಕಡಿವಾಣ ತೆಗೆದದ್ದು ಎರಡರಲ್ಲಿ ಯಾವುದೊಂದಕ್ಕಿಂತಲೂ ಕೆಟ್ಟದ್ದಾಯಿತು. ದರ ಬಿದ್ದ ಮೇಲೆ ಇಲ್ಲಿನ ಹತ್ತಿ ಬೆಳೆಗಾರನಿಗೆ ಯಾವ ವಿಚಾರಣಾ ಆಯೋಗವೂ ಕೂಡಲಿಲ್ಲ ಎಂಬುದನ್ನೂ ಸೇರಿಸಬೇಕು. ಆಯೋಗ ಕೂತದ್ದು ಬ್ಯಾಂಕಿಗೆ.

ಅದಾದ ನಾಲ್ಕು ದಶಕಕ್ಕೆ ಅಂದಿನ ಧಾರವಾಡ ಜಿಲ್ಲೆಯಲ್ಲೇ ಇನ್ನೊಂದು ಪ್ರಯೋಗ ನಡೆಯಿತು. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ದೇಶದ ಮೊದಲನೆಯದೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ, ಆದರೆ ಅದರ ತಳಪಾಯ ಏನಾಗಿತ್ತೆಂದು ಹೇಳುವುದಿಲ್ಲ. 1904ರ ಕಾಯ್ದೆಯ ಪ್ರಕಾರ ಗ್ರಾಮೀಣ ಪತ್ತಿನ ಸಂಘಗಳದು ಸಾಮಾನ್ಯವಾಗಿ ಅಪರಿಮಿತ ಹೊಣೆಗಾರಿಕೆ. ಸಂಘ ಮುಳುಗಿದರೆ ಪ್ರತಿಯೊಬ್ಬ ಸದಸ್ಯನ ಹೊಲ-ಮನೆಯೂ ಸಾಲಕ್ಕೆ ಹೊಣೆ. ಹೀಗಿದ್ದಾಗ ಯಾರಿಗೆ ಸಾಲ ಕೊಡಬೇಕೆಂಬ ಸಭೆಯಲ್ಲಿ ಯಾರೂ ತೂಕಡಿಸುವುದಿಲ್ಲ. ಯಾವನು ಎತ್ತು ಕೊಳ್ಳುತ್ತೇನೆಂದು ಸಾಲ ತಗೊಂಡು ಮಗಳ ಮದುವೆ ಮಾಡಿದ ಎಂಬುದು ಊರಿಗೆಲ್ಲ ಗೊತ್ತು, ಆ ಗೊತ್ತಿರುವಿಕೆಗೆ ಬೆಲೆಯೂ ಇತ್ತು.

ವೈಟ್ ಮುಂತಾದವರು ಕೊಂಡಾಡುವ ಸ್ಕಾಟ್‌ಲೆಂಡಿನ ಹಳೆಯ ಬ್ಯಾಂಕುಗಳ ಗುಟ್ಟೂ ಇದೇ. 1772ರಲ್ಲಿ ಏರ್ ಬ್ಯಾಂಕ್ ಭರ್ಜರಿಯಾಗಿ ದಿವಾಳಿಯಾಯಿತು. ಆಡಮ್ ಸ್ಮಿತ್ ಕೂಡ ಅದರ ಬಗ್ಗೆ ಬರೆದಿದ್ದಾನೆ. ಪಾಲುದಾರರ ಹೊಣೆ ಅಪರಿಮಿತವಾಗಿದ್ದರಿಂದ ಜಮೀನುದಾರರು ತಮ್ಮ ಎಸ್ಟೇಟುಗಳನ್ನೇ ಮಾರಿ ತೀರಿಸಬೇಕಾಯಿತು. ಸಾಲ ಕೊಟ್ಟವರಿಗೆ ಹಣ ಸಂದಿತು. ಸರ್ಕಾರದ ಒಂದು ಕಾಸೂ ಇಲ್ಲ. ಆದರೆ ಇಂದು ಅಪರಿಮಿತ ಹೊಣೆ ಹೊತ್ತು ಬ್ಯಾಂಕ್ ನಡೆಸಲು ಯಾರು ಬರುತ್ತಾರೆ? ನಿಯಂತ್ರಣ ತೆಗೆಯಿರಿ ಎಂದು ಜೋರಾಗಿ ಕೇಳುವವರು ಪರಿಮಿತ ಹೊಣೆಗಾರಿಕೆಯನ್ನೂ ತೆಗೆಯಿರಿ ಎಂದದ್ದನ್ನು ನಾನು ಕೇಳಿಲ್ಲ. ಪರಿಮಿತ ಹೊಣೆಗಾರಿಕೆ ಎಂಬುದೇ ಸರ್ಕಾರ ಕಾನೂನಿನ ಮೂಲಕ ಕೊಟ್ಟ ದೊಡ್ಡ ಕಾಣಿಕೆ. ಅದನ್ನು ಕಿಸೆಯಲ್ಲಿಟ್ಟುಕೊಂಡು ಸರ್ಕಾರ ದೂರವಿರಲಿ ಎನ್ನುವುದು ಅರ್ಧ ವಾದ.

ಸ್ವಾತಂತ್ರ್ಯಾನಂತರದ ಮುಖ್ಯ ತಿರುವು ನಮ್ಮಲ್ಲಲ್ಲ, ಕೇರಳದಲ್ಲಿ. 1960ರ ಆಗಸ್ಟ್‌ನಲ್ಲಿ ಪಾಲೈ ಸೆಂಟ್ರಲ್ ಬ್ಯಾಂಕ್ ಮುಚ್ಚಿತು. ಗಲಾಟೆ ದೇಶವ್ಯಾಪಿಯಾಯಿತು. 1962ರ ಜನವರಿ 1ರಿಂದ ಠೇವಣಿ ವಿಮೆ ಬಂತು, ಮೊದಲ ಮಿತಿ ₹1,500. ಅಶಕ್ತ ಬ್ಯಾಂಕನ್ನು ಬಲಾತ್ಕಾರವಾಗಿ ಇನ್ನೊಂದರಲ್ಲಿ ಸೇರಿಸುವ ಅಧಿಕಾರವೂ ರಿಸರ್ವ್ ಬ್ಯಾಂಕಿಗೆ ದೊರೆಯಿತು. 1951ರಲ್ಲಿ 566 ಇದ್ದ ಬ್ಯಾಂಕುಗಳು 1969ರ ಹೊತ್ತಿಗೆ ಸುಮಾರು 90ಕ್ಕೆ ಇಳಿದವು. ಹುಬ್ಬಳ್ಳಿಯಲ್ಲಿ 1946ರಲ್ಲಿ ಹುಟ್ಟಿದ ಬ್ಯಾಂಕ್ ಆಫ್ ಕರ್ನಾಟಕ ಇದೇ ಕಾಲದಲ್ಲಿ, 1966ರಲ್ಲಿ, ಮಂಗಳೂರಿನ ಕರ್ನಾಟಕ ಬ್ಯಾಂಕಿನೊಳಗೆ ಸೇರಿತು. ಹೆಸರು ತಿರುವುಮುರುವಾದದ್ದಷ್ಟೇ ಎಂದು ಹಳಬರು ನಗುತ್ತಿದ್ದಿರಬೇಕು. ಆದರೆ ಹುಬ್ಬಳ್ಳಿಯ ವ್ಯಾಪಾರಿಯ ಸಾಲದ ಅರ್ಜಿಗೆ ಕೊನೆಯ ಸಹಿ ಅಂದಿನಿಂದ ಮಂಗಳೂರಿನಲ್ಲಿ ಬೀಳತೊಡಗಿತು.

ರಾಷ್ಟ್ರೀಕರಣ ನಿಮಗೆಲ್ಲ ಗೊತ್ತಿದ್ದದ್ದೇ: 1969ರ ಜುಲೈ 19, 14 ಬ್ಯಾಂಕುಗಳು, ಕೆನರಾ ಮತ್ತು ಸಿಂಡಿಕೇಟ್ ಅವುಗಳಲ್ಲಿ. 1980ರ ಏಪ್ರಿಲ್ 15ರಂದು ಇನ್ನೂ ಆರು; ಕಾರ್ಪೊರೇಷನ್ ಮತ್ತು ವಿಜಯಾ ಅವುಗಳಲ್ಲಿ. ಕರಾವಳಿಯ ನಾಲ್ಕು ಬ್ಯಾಂಕುಗಳು ಬಿಕ್ಕಟ್ಟಿನಲ್ಲಿದ್ದವೆಂದು ಸರ್ಕಾರದ ಕೈಗೆ ಹೋಗಲಿಲ್ಲ, ಚೆನ್ನಾಗಿ ಬೆಳೆದಿದ್ದವೆಂದು ಹೋದವು. ಬಡವರ ಬಳಿಗೆ ಬ್ಯಾಂಕ್ ಹೋಗಬೇಕು ಎಂಬುದು ಕಾರಣವಾಗಿದ್ದರೆ, 1928ರಲ್ಲೇ ಮನೆ-ಅಂಗಡಿ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಎತ್ತುವ ಪಿಗ್ಮಿ ಠೇವಣಿ ಶುರುಮಾಡಿದ್ದು ಖಾಸಗಿಯಾಗಿದ್ದ ಸಿಂಡಿಕೇಟ್ ಬ್ಯಾಂಕೇ. ಇಂದಿಗೂ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಂಜೆ ಪಿಗ್ಮಿ ಏಜೆಂಟ್ ಬಂದು ನಿಂತರೆ ಅಂಗಡಿಯಾತ ಗಲ್ಲೆಯಿಂದ ಮರುಮಾತಿಲ್ಲದೆ ನೋಟು ತೆಗೆದುಕೊಡುತ್ತಾನೆ. ಇಂಥ ನಂಬಿಕೆಯನ್ನು ಕಾಯ್ದೆ ಮಾಡಿ ತರಲು ಬರುವುದಿಲ್ಲ.

ರಾಷ್ಟ್ರೀಕರಣವನ್ನು ಕೋರ್ಟಿಗೆ ಎಳೆದವರು ಸ್ವತಂತ್ರ ಪಕ್ಷದ ಆರ್.ಸಿ. ಕೂಪರ್, ವಾದಿಸಿದವರು ನಾನಿ ಪಾಲ್ಖಿವಾಲಾ. 1970ರ ಫೆಬ್ರುವರಿ 10ರಂದು ಸುಪ್ರೀಂ ಕೋರ್ಟ್ ಕಾಯ್ದೆಯನ್ನು ರದ್ದು ಮಾಡಿತು. ನಾಲ್ಕು ದಿನದಲ್ಲಿ ಹೊಸ ಸುಗ್ರೀವಾಜ್ಞೆ ಬಂತು. ಮುಕ್ತ ಮಾರುಕಟ್ಟೆಯ ಪರ ನಿಂತವರ ಈ ಸಾಲಿನಲ್ಲಿ ನಮ್ಮವರೊಬ್ಬರನ್ನು ನೆನೆಯಬೇಕು. ಇಂದಿನ ಕಾಸರಗೋಡು ಜಿಲ್ಲೆಯ ಬೆಳ್ಳಿಕ್ಕೋತ್‌ನಲ್ಲಿ 1905ರಲ್ಲಿ ಹುಟ್ಟಿದ ಬಿ.ಆರ್. ಶೆಣೈ. ಎರಡನೇ ಪಂಚವಾರ್ಷಿಕ ಯೋಜನೆಗೆಂದು 1955ರಲ್ಲಿ ಕೂತ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ಇಲ್ಲದ ಉಳಿತಾಯವನ್ನು ನೋಟು ಮುದ್ರಿಸಿ ಸೃಷ್ಟಿಸಲು ಬರುವುದಿಲ್ಲ ಎಂಬುದು ಅವರ ನಿಲುವಾಗಿತ್ತು. ಕನ್ನಡದ ಓದುಗರಿಗೆ ಅವರು ಇನ್ನೂ ಸರಿಯಾಗಿ ತಲುಪಿಲ್ಲ.

ಇಷ್ಟು ಹೇಳಿ ಎದುರಿನ ತಕ್ಕಡಿಯಲ್ಲೂ ಒಂದು ತೂಕ ಇಡಬೇಕು. 1969ರಲ್ಲಿ ದೇಶದಲ್ಲಿದ್ದ ಶಾಖೆಗಳು 8,262. ಬ್ಯಾಂಕಿಲ್ಲದ ಊರುಗಳಲ್ಲಿ ನಾಲ್ಕು ಶಾಖೆ ತೆರೆದರೆ ಮಾತ್ರ ಬ್ಯಾಂಕಿರುವ ಊರಿನಲ್ಲಿ ಒಂದಕ್ಕೆ ಅನುಮತಿ ಎಂಬ ನಿಯಮ 1977ರಿಂದ 1990ರವರೆಗೆ ನಡೆಯಿತು. ಅದು ಹಳ್ಳಿಗಳ ಬಡತನವನ್ನು ಗಣನೀಯವಾಗಿ ತಗ್ಗಿಸಿತೆಂದು ರಾಬಿನ್ ಬರ್ಜೆಸ್ ಮತ್ತು ರೋಹಿಣಿ ಪಾಂಡೆ 2005ರಲ್ಲಿ ತೋರಿಸಿದರು. ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕಿನ ಶಾಖೆಗಳು ಹೋದ ಹಳ್ಳಿಗಳಿಗೆ ಯಾವ ಮುಕ್ತ ಮಾರುಕಟ್ಟೆಯೂ ತಾನಾಗಿ ಹೋಗುತ್ತಿರಲಿಲ್ಲ, ಇದನ್ನು ಒಪ್ಪದೆ ವಿಧಿಯಿಲ್ಲ. ಆ ಬ್ಯಾಂಕು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಯಿತು, 2025ರ ಮೇ 1ರಿಂದ ಬಳ್ಳಾರಿ ಕೇಂದ್ರವಾದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಧಾರವಾಡದ ಕೇಂದ್ರ ಕಚೇರಿ ಹೋಯಿತು. ಕೊಟ್ಟವರೂ ದೆಹಲಿಯವರು, ತಗೊಂಡವರೂ ದೆಹಲಿಯವರು.

ಇನ್ನು ಈಚಿನ ವರ್ಷಗಳ ಮಾತು. 2019ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಪಿಎಂಸಿ ಬ್ಯಾಂಕಿಗೆ ಬೀಗ ಬಿತ್ತು; ಒಬ್ಬ ಠೇವಣಿದಾರ ತೆಗೆಯಬಹುದಾದದ್ದು ಮೊದಲಿಗೆ ₹1,000. 2020ರ ಜನವರಿ 10ರಂದು ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು, ಮಿತಿ ₹35,000. ನಿವೃತ್ತಿಯ ಇಡುಗಂಟನ್ನು ಅಲ್ಲಿಟ್ಟ ಹಿರಿಯರು ಬಸವನಗುಡಿಯ ಬೀದಿಯಲ್ಲಿ ನಿಂತದ್ದನ್ನು ಟಿವಿಯಲ್ಲಿ ನೋಡಿದ್ದೀರಿ. ಅದೇ ವರ್ಷದ ಮಾರ್ಚ್ 5ರಂದು ಯೆಸ್ ಬ್ಯಾಂಕಿಗೂ ನಿರ್ಬಂಧ ಬಿತ್ತು, ₹50,000. ಸ್ಟೇಟ್ ಬ್ಯಾಂಕ್ ಮುಂದಾಳತ್ವದಲ್ಲಿ ಬಂಡವಾಳ ಹರಿದು ಬಂತು, ಮಾರ್ಚ್ 18ಕ್ಕೆ ನಿರ್ಬಂಧ ತೆರವು. ಹದಿಮೂರೇ ದಿನ. ಗುರು ರಾಘವೇಂದ್ರದ ಠೇವಣಿದಾರರಿಗೆ ₹5 ಲಕ್ಷದವರೆಗಿನ ವಿಮೆಯ ಹಣ ಸಿಗಲು 2021ರ ಕೊನೆ ಬರಬೇಕಾಯಿತು, ಅದೂ 90 ದಿನದಲ್ಲಿ ಕೊಡಬೇಕೆಂದು ಕಾಯ್ದೆ ತಿದ್ದಿದ ಮೇಲೆ.

ಇದನ್ನು ನೋಡಿದಾಗ ಲಿಬರ್ಟೇರಿಯನ್ ವಾದದ ಅತ್ಯಂತ ಗಟ್ಟಿಯಾದ ಅಂಶ ಅರ್ಥವಾಗುತ್ತದೆ. ಸರ್ಕಾರದ ಮಧ್ಯಪ್ರವೇಶ ಎಂದರೆ ಕೈಹಿಡಿದು ಎತ್ತುವುದೆಂದು ನಾವು ತಿಳಿಯುತ್ತೇವೆ. ಆದರೆ ಮೊದಲ ಮಧ್ಯಪ್ರವೇಶ ಯಾವಾಗಲೂ ಬೀಗ. ‘ನಮ್ಮ ರೊಕ್ಕ ನಮಗ ಕೊಡಾಕ ಇವರ‍್ಯಾರ್ರೀ ಪರವಾನಗಿ ಕೊಡವ್ರು?’ ಎಂದು ನಮ್ಮ ಕಡೆಯ ಠೇವಣಿದಾರ ಕೇಳಿದರೆ ಅವನು ರಾತ್‌ಬಾರ್ಡ್‌ನನ್ನು ಓದಬೇಕಾಗಿಲ್ಲ. ಬೀಗ ಎಷ್ಟು ಹೊತ್ತು ಎಂಬುದನ್ನು ನಿರ್ಧರಿಸುವುದು ಠೇವಣಿದಾರನ ಕಷ್ಟವಲ್ಲ, ಬ್ಯಾಂಕಿನ ಗಾತ್ರ. ದೊಡ್ಡದು ಮುಳುಗಿದರೆ ಎಲ್ಲರನ್ನೂ ಎಳೆದೊಯ್ಯುತ್ತದೆ, ಅದಕ್ಕೇ ಉಳಿಸಿದೆವು ಎಂಬ ಉತ್ತರ ಸಿದ್ಧವಿರುತ್ತದೆ. 2023ರ ಮಾರ್ಚ್‌ನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಕುಸಿದಾಗಲೂ ಇದೇ ಉತ್ತರ: ವಿಮೆಯ ಮಿತಿ 2,50,000 ಡಾಲರ್ ಇದ್ದರೂ ಎಲ್ಲ ಠೇವಣಿಗೂ ರಕ್ಷಣೆ. ಆ ಉತ್ತರ ಸುಳ್ಳಲ್ಲ. ಆದರೆ ಅದರಿಂದ ಎಲ್ಲರೂ ಕಲಿಯುವ ಪಾಠ ದೊಡ್ಡದಾಗು, ಆಮೇಲೆ ಚಿಂತೆಯಿಲ್ಲ ಎಂಬುದೇ ತಾನೆ? ಸರ್ಕಾರಿ ಬ್ಯಾಂಕುಗಳಿಗೆ 2017ರ ಅಕ್ಟೋಬರ್‌ನಲ್ಲಿ ಘೋಷಿಸಿದ ₹2.11 ಲಕ್ಷ ಕೋಟಿಯ ಮರುಬಂಡವಾಳದ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಬಿಟ್ಟುಬಿಡೋಣವೇ, ಮುಳುಗುವುದು ಮುಳುಗಲಿ ಎಂದು? ಅಷ್ಟು ದೂರ ನಾನು ಹೋಗಲಾರೆ. 2022ರಲ್ಲಿ ವಿಜಯಪುರದ ಡೆಕ್ಕನ್ ಅರ್ಬನ್ ಕೋ-ಆಪರೇಟಿವ್ ಬ್ಯಾಂಕಿನ ಪರವಾನಗಿ ರದ್ದಾದಾಗ ಶೇ 99ಕ್ಕೂ ಹೆಚ್ಚು ಠೇವಣಿದಾರರಿಗೆ ವಿಮೆಯಿಂದ ಪೂರ್ತಿ ಹಣ ಸಿಗುತ್ತದೆಂದು ರಿಸರ್ವ್ ಬ್ಯಾಂಕ್ ಹೇಳಿತು. ಸಣ್ಣ ಠೇವಣಿದಾರನಿಗೆ ಇದು ಅನ್ನ. ಅವನು ಬ್ಯಾಂಕಿನ ಲೆಕ್ಕ ಓದಿ ಎಚ್ಚರವಾಗಿರಬೇಕಿತ್ತು ಎಂದು ಹೇಳುವುದು ಕ್ರೌರ್ಯ. ತಪ್ಪು ವಿಮೆಯಲ್ಲಿಲ್ಲ, ಅದರ ದರದಲ್ಲಿದೆ. ಕಟ್ಟುನಿಟ್ಟಾಗಿ ನಡೆದ ಬ್ಯಾಂಕೂ ಬೇಕಾಬಿಟ್ಟಿ ಸಾಲ ಹಂಚಿದ ಬ್ಯಾಂಕೂ ಪ್ರತಿ ₹100 ಠೇವಣಿಗೆ ವರ್ಷಕ್ಕೆ ಅದೇ 12 ಪೈಸೆ ಕಟ್ಟುತ್ತಾ ಬಂದವು. ಅಪಾಯಕ್ಕೆ ತಕ್ಕ ಪ್ರೀಮಿಯಂ ಬೇಕೆಂದು ಜಗದೀಶ್ ಕಪೂರ್ ನೇತೃತ್ವದ ತಂಡ 1999ರಲ್ಲೇ ಹೇಳಿತ್ತು. 2026ರ ಏಪ್ರಿಲ್‌ನಿಂದ ತರುತ್ತೇವೆಂದು ರಿಸರ್ವ್ ಬ್ಯಾಂಕ್ ಪ್ರಕಟಿಸಿದ್ದು 2025ರ ಅಕ್ಟೋಬರ್‌ನಲ್ಲಿ. ಮುಕ್ತ ಮಾರುಕಟ್ಟೆಯ ವಿಚಾರದಿಂದ ನಾವು ಪಡೆಯಬೇಕಾದದ್ದು ಇಂಥದ್ದು: ಅಪಾಯಕ್ಕೊಂದು ಬೆಲೆ. ಔಷಧಿಯಲ್ಲಿ ಅವರು ಎಡವಬಹುದು, ನಾಡಿ ಸರಿಯಾಗಿ ಹಿಡಿದಿದ್ದಾರೆ.

ಬೆಲೆ ಗೊತ್ತಾಗಬೇಕಾದರೆ ಲೆಕ್ಕ ಕಾಣಬೇಕು. ನಮ್ಮ ಕಡೆಯ ಸಹಕಾರಿ ಬ್ಯಾಂಕಿನ ವಾರ್ಷಿಕ ಸಾಮಾನ್ಯ ಸಭೆಗೆ ನೀವು ಹೋಗಿರುತ್ತೀರಿ. ಕಲ್ಯಾಣ ಮಂಟಪ, ಹೊರಗೆ ಸಹಿ ಮಾಡಿದವರಿಗೆ ಉಡುಗೊರೆಯ ಚೀಟಿ, ಒಳಗೆ ಹೊಳೆಯುವ ರಟ್ಟಿನ ವರದಿ. ಮೊದಲ ಪುಟಗಳಲ್ಲಿ ಅಧ್ಯಕ್ಷರ, ನಿರ್ದೇಶಕರ ಭಾವಚಿತ್ರ. ಅಢಾವೆ ಪತ್ರಿಕೆ ಹಿಂದೆಲ್ಲೋ ಸಣ್ಣ ಅಕ್ಷರದಲ್ಲಿ. ವೇದಿಕೆಯಿಂದ ‘ಮಂಜೂರು ಅಂತ ಅನ್ರೀ’ ಎಂದು ಕೂಗಿದರೆ ಮುಂದಿನ ಸಾಲಿನವರು ‘ಮಂಜೂರು, ಮಂಜೂರು’ ಎನ್ನುತ್ತಾರೆ. ಹಿಂದಿನ ಸಾಲಿನವರು ಊಟದ ಕಡೆ ಏಳುತ್ತಾರೆ. ಕಟಬಾಕಿ ಎಷ್ಟು, ಅತಿ ದೊಡ್ಡ ಇಪ್ಪತ್ತು ಸಾಲಗಾರರ ಕೈಯಲ್ಲಿ ಒಟ್ಟು ಸಾಲದ ಎಷ್ಟು ಪಾಲಿದೆ ಎಂದು ಎದ್ದು ಕೇಳಿದವನನ್ನು ತಂಟೆಕೋರ ಎನ್ನುತ್ತಾರೆ. ಕಣಗಿನಹಾಳದ ಸದಸ್ಯ ಕೇಳುತ್ತಿದ್ದ, ಅವನ ಹೊಲ ಒತ್ತೆಯಲ್ಲಿತ್ತು. ಇವತ್ತಿನ ಸದಸ್ಯನ ಷೇರು ನೂರೋ ಸಾವಿರವೋ, ಹೋದರೆ ಹೋಗಲಿ ಎನ್ನುತ್ತಾನೆ. ಅವನ ಠೇವಣಿ ಮಾತ್ರ ಅಲ್ಲೇ ಇರುತ್ತದೆ.

ದೊಡ್ಡ ಬ್ಯಾಂಕುಗಳ ಸ್ಥಿತಿ ಬೇರೆಯೇನಲ್ಲ. ಬ್ಯಾಂಕುಗಳ ತಪಾಸಣಾ ವರದಿಗಳನ್ನು ಮಾಹಿತಿ ಹಕ್ಕಿನಡಿ ಕೊಡಬೇಕು, ರಿಸರ್ವ್ ಬ್ಯಾಂಕಿನ ಹೊಣೆ ಜನರಿಗೇ ಹೊರತು ಬ್ಯಾಂಕುಗಳಿಗಲ್ಲ ಎಂದು 2015ರ ಡಿಸೆಂಬರ್‌ನಲ್ಲಿ ಜಯಂತಿಲಾಲ್ ಮಿಸ್ತ್ರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಠೇವಣಿದಾರನೇ ನೋಡಿ-ತಿಳಿದು ಬ್ಯಾಂಕ್ ಆರಿಸಿಕೊಳ್ಳಲಿ ಎನ್ನುವ ಮುಕ್ತ ಮಾರುಕಟ್ಟೆಗೆ ಇದಕ್ಕಿಂತ ಒಳ್ಳೆಯ ತೀರ್ಪು ಬೇಕೇ? ಆ ತೀರ್ಪನ್ನು ಹಿಂದೆಗೆದುಕೊಳ್ಳಬೇಕೆಂದು ಬ್ಯಾಂಕುಗಳು ಮತ್ತೆ ಕೋರ್ಟಿಗೆ ಹೋದವು. ಅರ್ಜಿ ಹಾಕಿದವರಲ್ಲಿ ಸರ್ಕಾರಿ ಬ್ಯಾಂಕೂ ಇತ್ತು, ಖಾಸಗಿ ಬ್ಯಾಂಕೂ ಇತ್ತು. ಈ ಒಂದು ವಿಷಯದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.